ಮೇಲ್‌ನಲ್ಲಿ ಬಂದ ಲಿಂಕ್ ನಿಮಗೆ ಬೇಕಾದ ಬ್ರೌಸರ್‌ನಲ್ಲೇ ತೆರೆಯಲು: ಲಿನಕ್ಸ್ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ಕಳೆದ ತಿಂಗಳು ಚಿಕ್ಕಪ್ಪ ಫೋನ್ ಮಾಡಿದ್ದರು. ಅವರ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಹಾಕಿಕೊಟ್ಟವನು ನಾನೇ. ಮೇಲ್ ನೋಡಲು ಥಂಡರ್‌ಬರ್ಡ್, ಉಳಿದದ್ದಕ್ಕೆಲ್ಲ ಫೈರ್‌ಫಾಕ್ಸ್. ಪಾಸ್‌ವರ್ಡ್, ಬುಕ್‌ಮಾರ್ಕ್ ಎಲ್ಲವೂ ಅದರಲ್ಲೇ ಇವೆ. ನಡುವೆ ಯಾವುದೋ ವಿಡಿಯೊ ಕಾಲ್‌ಗೆಂದು ಅವರೇ ಕ್ರೋಮಿಯಂ ಎಂಬ ಇನ್ನೊಂದು ಬ್ರೌಸರ್ ಹಾಕಿಕೊಂಡಿದ್ದರು. ಅವತ್ತಿನಿಂದ ಮೇಲ್‌ನಲ್ಲಿ ಯಾವ ಲಿಂಕ್ ಒತ್ತಿದರೂ ತೆರೆಯುತ್ತಿದ್ದದ್ದು ಕ್ರೋಮಿಯಂ. "ಲಾಗಿನ್ ಆಗು ಅಂತದೆ ಮಾರಾಯ. ನಾನು ಆಗಲೇ ಲಾಗಿನ್ ಆಗಿದ್ದೀನಲ್ಲ?" ಎಂದರು. ಪಿಂಚಣಿಗೆ ಸಂಬಂಧಿಸಿದ ಫಾರ್ಮ್‌ನ ಲಿಂಕ್ ಅದು. ಎರಡು ದಿನದಿಂದ ಅಲ್ಲೇ ಸಿಕ್ಕಿಕೊಂಡಿದ್ದರು.

ನಾವು ಅದನ್ನು ಫೋನಿನಲ್ಲೇ ಸರಿಮಾಡಿದೆವು. ನಾನು ಕಮಾಂಡ್ ಹೇಳುವುದು, ಅವರು ಟೈಪ್ ಮಾಡುವುದು. ಇಲ್ಲೂ ಹಾಗೇ ಬರೆಯುತ್ತಿದ್ದೇನೆ: ಕಮಾಂಡ್‌ಗಳು ಕನ್ನಡದಲ್ಲಿವೆ, ನೀವು ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದ ಕಡೆ ಬೇರೆಯಾಗಿ ಹೇಳುತ್ತೇನೆ. ಹೈಫನ್, ಚುಕ್ಕಿ, ಓರೆಗೆರೆ ಕಂಡಲ್ಲಿ ಅವನ್ನೇ ಹಾಕಿ. ಜಾಗ ಬಿಟ್ಟಲ್ಲಿ ಸ್ಪೇಸ್ ಒತ್ತಿ. "ಎಕ್ಸ್‌ಡಿಜಿ" ಎಂದರೆ ಎಕ್ಸ್, ಡಿ, ಜಿ ಎಂಬ ಮೂರು ಅಕ್ಷರ. "ಮೈಮ್" ಎಂದರೆ ಎಂ, ಐ, ಎಂ, ಇ.

ಲಿಂಕ್ ಒತ್ತಿದಾಗ ಏನಾಗುತ್ತದೆ

ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ. ಥಂಡರ್‌ಬರ್ಡ್‌ಗೆ ಬೇರೆ ಬ್ರೌಸರ್ ಇರುವ ಸಂಗತಿ ನೇರವಾಗಿ ಗೊತ್ತಿರಬೇಕೆಂದಿಲ್ಲ. ಲಿಂಕ್‌ನ ಮೊದಲ ತುಂಡು ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ ನೋಡಿ, "ಇದನ್ನು ತೆರೆಯುವವರು ಯಾರು?" ಎಂದು ಡೆಸ್ಕ್‌ಟಾಪ್ ಅನ್ನು ಕೇಳುತ್ತದೆ. ಉತ್ತರ ಇರುವುದು ಮೈಮ್‌ಆ್ಯಪ್ಸ್.ಲಿಸ್ಟ್ ಎಂಬ ಒಂದು ಸಣ್ಣ ಫೈಲ್‌ನಲ್ಲಿ. ಅಲ್ಲಿ ಬರೆದಿರುವುದು ಬ್ರೌಸರ್‌ನ ಹೆಸರಲ್ಲ, ".ಡೆಸ್ಕ್‌ಟಾಪ್" ಎಂದು ಕೊನೆಯಾಗುವ ಇನ್ನೊಂದು ಫೈಲ್‌ನ ಹೆಸರು. ಬ್ರೌಸರ್ ಅನ್ನು ಹೇಗೆ ಶುರು ಮಾಡಬೇಕು ಎಂಬುದು ಆ ಎರಡನೆಯ ಫೈಲ್‌ನಲ್ಲಿರುತ್ತದೆ.

ಮೇಲ್ ಪ್ರೋಗ್ರಾಂ, ಮೈಮ್‌ಆ್ಯಪ್ಸ್ ಪಟ್ಟಿ, ಡೆಸ್ಕ್‌ಟಾಪ್ ಫೈಲ್, ಬ್ರೌಸರ್. ಹೀಗೆ ಒಂದರಿಂದ ಇನ್ನೊಂದಕ್ಕೆ ಕೊಂಡಿ. ಎಲ್ಲಿ ಕಳಚಿದರೂ ಹೊರಗೆ ಕಾಣುವ ತೊಂದರೆ ಒಂದೇ, ಬೇಡದ ಬ್ರೌಸರ್ ತೆರೆಯುತ್ತದೆ. ಹೆಚ್ಚಿನವರು ನೇರವಾಗಿ ಮೇಲ್ ಪ್ರೋಗ್ರಾಂನ ಸೆಟ್ಟಿಂಗ್ಸ್‌ಗೆ ಕೈ ಹಾಕುತ್ತಾರೆ. ಹಾಗೆ ಮಾಡಬೇಡಿ. ತಪ್ಪು ಯಾವ ಕೊಂಡಿಯಲ್ಲಿದೆ ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಒಂದು ನಿಮಿಷದ ಕೆಲಸ, ಆದರೆ ಒಂದು ಸಂಜೆ ಉಳಿಯುತ್ತದೆ.

ಮೊದಲ ಹೆಜ್ಜೆ: ತಪ್ಪು ಸಿಸ್ಟಂನದ್ದೋ, ಮೇಲ್ ಪ್ರೋಗ್ರಾಂನದ್ದೋ?

ಟರ್ಮಿನಲ್ ತೆರೆದು ಹೀಗೆ ಟೈಪ್ ಮಾಡಿ:

ಎಕ್ಸ್‌ಡಿಜಿ-ಓಪನ್ ಎಚ್‌ಟಿಟಿಪಿಎಸ್://ಕೆಎನ್.ವಿಕಿಪೀಡಿಯ.ಆರ್ಗ್

ಇದು ಕನ್ನಡ ವಿಕಿಪೀಡಿಯದ ವಿಳಾಸ. ಅದು ಯಾವ ಬ್ರೌಸರ್‌ನಲ್ಲಿ ತೆರೆಯಿತು ನೋಡಿ. ನಿಮಗೆ ಬೇಕಾದದ್ದರಲ್ಲೇ ತೆರೆದರೆ ಸಿಸ್ಟಂ ಸರಿಯಾಗಿದೆ, ತಪ್ಪು ಮೇಲ್ ಪ್ರೋಗ್ರಾಂನಲ್ಲಿದೆ. ನೇರ ನಾಲ್ಕನೆಯ ಹೆಜ್ಜೆಗೆ ಹೋಗಬಹುದು. ಬೇರೆಯದರಲ್ಲಿ ತೆರೆದರೆ ಮೇಲ್ ಪ್ರೋಗ್ರಾಂ ಅನ್ನು ಸದ್ಯಕ್ಕೆ ಮರೆತುಬಿಡಿ, ಕ್ರಮವಾಗಿ ಮುಂದೆ ಓದಿ.

ಎಕ್ಸ್‌ಡಿಜಿ-ಓಪನ್ ಎಂಬುದು ಎಕ್ಸ್‌ಡಿಜಿ-ಯುಟಿಲ್ಸ್ ಎಂಬ ಗೊಂಚಲಿನ ಒಂದು ಸಾಧನ. ಅದರ ಮೊದಲ ಪೂರ್ಣ ಆವೃತ್ತಿ ಬಂದದ್ದು 2006ರಲ್ಲಿ. ಅದಕ್ಕೂ ಮೊದಲು ಪ್ರತಿ ಪ್ರೋಗ್ರಾಂಗೂ ಬ್ರೌಸರ್ ಎಲ್ಲಿದೆಯೆಂದು ಬೇರೆ ಬೇರೆಯಾಗಿ ಹೇಳಿಕೊಡಬೇಕಿತ್ತು. ಥಂಡರ್‌ಬರ್ಡ್‌ನ ಯೂಸರ್.ಜೆಎಸ್ ಫೈಲ್‌ಗೆ ಬ್ರೌಸರ್‌ನ ದಾರಿ ಬರೆಯಿರಿ ಎನ್ನುವ ಸಲಹೆಗಳು ಇವತ್ತಿಗೂ ಹುಡುಕಿದರೆ ಸಿಗುತ್ತವೆ. ಅವು ಆ ಕಾಲದವು. ಅವುಗಳ ಗೋಜಿಗೆ ಹೋಗಬೇಡಿ.

ಎರಡನೆಯ ಹೆಜ್ಜೆ: ಡೆಸ್ಕ್‌ಟಾಪ್‌ನ ಸೆಟ್ಟಿಂಗ್ಸ್

ಇದು ಎಲ್ಲಕ್ಕಿಂತ ಸುಲಭ, ಬಹಳ ಜನಕ್ಕೆ ಇಷ್ಟರಲ್ಲೇ ಮುಗಿಯುತ್ತದೆ.

ನೋಮ್ ಡೆಸ್ಕ್‌ಟಾಪ್ ಆದರೆ (ಉಬುಂಟು, ಫೆಡೋರಾದಲ್ಲಿ ತಾನಾಗಿ ಬರುವುದು ಇದೇ) ಸೆಟ್ಟಿಂಗ್ಸ್ ತೆರೆದು ಆ್ಯಪ್ಸ್, ಅದರೊಳಗೆ ಡೀಫಾಲ್ಟ್ ಆ್ಯಪ್ಸ್. ಹಳೆಯ ಆವೃತ್ತಿಗಳಲ್ಲಿ ಡೀಫಾಲ್ಟ್ ಅಪ್ಲಿಕೇಶನ್ಸ್ ಎಂದು ಬೇರೆಯೇ ಇತ್ತು. "ವೆಬ್" ಎಂಬ ಸಾಲಿನಲ್ಲಿ ನಿಮ್ಮ ಬ್ರೌಸರ್ ಆರಿಸಿ. ಕೆಡಿಇ ಪ್ಲಾಸ್ಮಾದಲ್ಲಿ ಸಿಸ್ಟಂ ಸೆಟ್ಟಿಂಗ್ಸ್, ಡೀಫಾಲ್ಟ್ ಅಪ್ಲಿಕೇಶನ್ಸ್, ವೆಬ್ ಬ್ರೌಸರ್. ಆರಿಸಿದ ಮೇಲೆ ಅಪ್ಲೈ ಒತ್ತಲು ಮರೆಯಬೇಡಿ. ಮಿಂಟ್‌ನ ಸಿನಮನ್‌ನಲ್ಲಿ ಪ್ರಿಫರ್ಡ್ ಅಪ್ಲಿಕೇಶನ್ಸ್ ಎಂದು ಮೆನುವಿನಲ್ಲಿ ಹುಡುಕಿ. ಎಕ್ಸ್‌ಎಫ್‌ಸಿಇಯಲ್ಲಿ ಡೀಫಾಲ್ಟ್ ಅಪ್ಲಿಕೇಶನ್ಸ್ ಕಿಟಕಿಯ ಇಂಟರ್ನೆಟ್ ಟ್ಯಾಬ್.

ಡೆಸ್ಕ್‌ಟಾಪ್‌ನ ಭಾಷೆ ಕನ್ನಡಕ್ಕೆ ಇಟ್ಟುಕೊಂಡಿದ್ದರೆ ಹೆಸರುಗಳು ಬೇರೆ ಕಾಣಬಹುದು, ಜಾಗ ಮಾತ್ರ ಇದೇ.

ಈಗ ಮೊದಲ ಹೆಜ್ಜೆಯ ಕಮಾಂಡ್ ಇನ್ನೊಮ್ಮೆ ಕೊಡಿ. ಸರಿಹೋಯಿತೆ? ಹೋಗದಿದ್ದರೆ ಟರ್ಮಿನಲ್ ಮುಚ್ಚಬೇಡಿ.

ಮೂರನೆಯ ಹೆಜ್ಜೆ: ಟರ್ಮಿನಲ್‌ನಲ್ಲಿ ಬೇರಿಗೇ ಹೋಗುವುದು

ಸದ್ಯ ಯಾವ ಬ್ರೌಸರ್ ಡೀಫಾಲ್ಟ್ ಆಗಿದೆ, ಅಂದರೆ ಲಿಂಕ್‌ಗಳು ತಾನಾಗಿ ಯಾವುದರಲ್ಲಿ ತೆರೆಯುತ್ತವೆ ಎಂದು ಕೇಳಿ:

ಎಕ್ಸ್‌ಡಿಜಿ-ಸೆಟ್ಟಿಂಗ್ಸ್ ಗೆಟ್ ಡೀಫಾಲ್ಟ್-ವೆಬ್-ಬ್ರೌಸರ್

ಉತ್ತರವಾಗಿ ಒಂದು ಡೆಸ್ಕ್‌ಟಾಪ್ ಫೈಲ್‌ನ ಹೆಸರು ಬರುತ್ತದೆ. ಚಿಕ್ಕಪ್ಪನ ಲ್ಯಾಪ್‌ಟಾಪ್‌ನಲ್ಲಿ "ಕ್ರೋಮಿಯಂ.ಡೆಸ್ಕ್‌ಟಾಪ್" ಎಂದು ಬಂತು. ಅವರು ಬೇಕೆಂದು ಬದಲಿಸಿದ್ದಲ್ಲ. ಹೊಸ ಬ್ರೌಸರ್ ಮೊದಲ ಸಲ ತೆರೆದಾಗ "ನನ್ನನ್ನೇ ಡೀಫಾಲ್ಟ್ ಮಾಡಿಕೊಳ್ಳುವಿರಾ?" ಎಂದು ಕೇಳುತ್ತದಲ್ಲ, ವಿಡಿಯೊ ಕಾಲ್‌ನ ಗಡಿಬಿಡಿಯಲ್ಲಿ ಹೌದು ಒತ್ತಿದ್ದರು.

ಬದಲಿಸಬೇಕಾದರೆ ನಿಮ್ಮ ಬ್ರೌಸರ್‌ನ ಡೆಸ್ಕ್‌ಟಾಪ್ ಫೈಲ್‌ನ ಹೆಸರು ತಪ್ಪಿಲ್ಲದೆ ಗೊತ್ತಿರಬೇಕು. ಎಲ್ಲರೂ ಎಡವುವುದು ಇಲ್ಲೇ. ಒಂದೇ ಫೈರ್‌ಫಾಕ್ಸ್‌ಗೆ ಹಾಕಿಕೊಂಡ ಬಗೆಗೆ ತಕ್ಕಂತೆ ನಾಲ್ಕು ಹೆಸರು. ಸಾಮಾನ್ಯ ಪ್ಯಾಕೇಜ್ ಆದರೆ ಫೈರ್‌ಫಾಕ್ಸ್.ಡೆಸ್ಕ್‌ಟಾಪ್. ಡೆಬಿಯನ್‌ನಲ್ಲಿ ಫೈರ್‌ಫಾಕ್ಸ್-ಇಎಸ್‌ಆರ್.ಡೆಸ್ಕ್‌ಟಾಪ್. ಸ್ನ್ಯಾಪ್ ಆದರೆ (ಪ್ರೋಗ್ರಾಂ ತನಗೆ ಬೇಕಾದದ್ದನ್ನು ಜೊತೆಗೇ ಕಟ್ಟಿಕೊಂಡು ಬರುವ ಬಗೆ, ಫ್ಲ್ಯಾಟ್‌ಪ್ಯಾಕ್ ಕೂಡ ಅಂಥದ್ದೇ) ಫೈರ್‌ಫಾಕ್ಸ್_ಫೈರ್‌ಫಾಕ್ಸ್.ಡೆಸ್ಕ್‌ಟಾಪ್, ನಡುವೆ ಇರುವುದು ಅಂಡರ್‌ಸ್ಕೋರ್, ಹೈಫನ್ ಅಲ್ಲ. ಫ್ಲ್ಯಾಟ್‌ಪ್ಯಾಕ್ ಆದರೆ ಆರ್ಗ್.ಮೊಜಿಲ್ಲಾ.ಫೈರ್‌ಫಾಕ್ಸ್.ಡೆಸ್ಕ್‌ಟಾಪ್. ಕ್ರೋಮ್‌ದು ಗೂಗಲ್-ಕ್ರೋಮ್.ಡೆಸ್ಕ್‌ಟಾಪ್, ಬ್ರೇವ್‌ದು ಬ್ರೇವ್-ಬ್ರೌಸರ್.ಡೆಸ್ಕ್‌ಟಾಪ್.

ಊಹೆ ಮಾಡುವುದಕ್ಕಿಂತ ಕಣ್ಣಾರೆ ನೋಡಿಬಿಡಿ. ಈ ಫೈಲ್‌ಗಳು ಇರುವ ಜಾಗ:

/ಯುಎಸ್‌ಆರ್/ಶೇರ್/ಅಪ್ಲಿಕೇಶನ್ಸ್
/ವಿಎಆರ್/ಎಲ್‌ಐಬಿ/ಸ್ನ್ಯಾಪ್‌ಡಿ/ಡೆಸ್ಕ್‌ಟಾಪ್/ಅಪ್ಲಿಕೇಶನ್ಸ್
/ವಿಎಆರ್/ಎಲ್‌ಐಬಿ/ಫ್ಲ್ಯಾಟ್‌ಪ್ಯಾಕ್/ಎಕ್ಸ್‌ಪೋರ್ಟ್ಸ್/ಶೇರ್/ಅಪ್ಲಿಕೇಶನ್ಸ್

ಹೆಸರು ಸಿಕ್ಕ ಮೇಲೆ:

ಎಕ್ಸ್‌ಡಿಜಿ-ಸೆಟ್ಟಿಂಗ್ಸ್ ಸೆಟ್ ಡೀಫಾಲ್ಟ್-ವೆಬ್-ಬ್ರೌಸರ್ ಫೈರ್‌ಫಾಕ್ಸ್.ಡೆಸ್ಕ್‌ಟಾಪ್

ಇದರ ಮುಂದೆ ಸುಡೊ (ರೂಟ್, ಅಂದರೆ ಕಂಪ್ಯೂಟರ್‌ನ ಮುಖ್ಯ ಬಳಕೆದಾರನ ಅಧಿಕಾರದಲ್ಲಿ ಕಮಾಂಡ್ ನಡೆಸುವ ಪದ) ಹಾಕಬೇಡಿ. ಹಾಕಿದರೆ ಬದಲಾಗುವುದು ರೂಟ್ ಬಳಕೆದಾರನ ಸೆಟ್ಟಿಂಗ್, ನಿಮ್ಮದಲ್ಲ.

ಮುಂದೆ ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿ:

ಎಕ್ಸ್‌ಡಿಜಿ-ಮೈಮ್ ಕ್ವೆರಿ ಡೀಫಾಲ್ಟ್ ಎಕ್ಸ್-ಸ್ಕೀಮ್-ಹ್ಯಾಂಡ್ಲರ್/ಎಚ್‌ಟಿಟಿಪಿ
ಎಕ್ಸ್‌ಡಿಜಿ-ಮೈಮ್ ಕ್ವೆರಿ ಡೀಫಾಲ್ಟ್ ಎಕ್ಸ್-ಸ್ಕೀಮ್-ಹ್ಯಾಂಡ್ಲರ್/ಎಚ್‌ಟಿಟಿಪಿಎಸ್

ಎರಡಕ್ಕೂ ಒಂದೇ ಉತ್ತರ ಬರಬೇಕು. "ಕೆಲವು ಲಿಂಕ್ ಇದರಲ್ಲಿ, ಕೆಲವು ಅದರಲ್ಲಿ ತೆರೆಯುತ್ತವೆ" ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಇದನ್ನೇ. ಎಚ್‌ಟಿಟಿಪಿ ಒಂದು ಬ್ರೌಸರ್‌ಗೂ ಎಚ್‌ಟಿಟಿಪಿಎಸ್ ಇನ್ನೊಂದಕ್ಕೂ ಅಂಟಿಕೊಂಡಿರುತ್ತದೆ. ಆಗ ಬೇರೆಯಾದದ್ದನ್ನು ಹೀಗೆ ಸರಿಮಾಡಿ:

ಎಕ್ಸ್‌ಡಿಜಿ-ಮೈಮ್ ಡೀಫಾಲ್ಟ್ ಫೈರ್‌ಫಾಕ್ಸ್.ಡೆಸ್ಕ್‌ಟಾಪ್ ಎಕ್ಸ್-ಸ್ಕೀಮ್-ಹ್ಯಾಂಡ್ಲರ್/ಎಚ್‌ಟಿಟಿಪಿಎಸ್

ಇಷ್ಟಾದರೂ ಆಗದಿದ್ದರೆ ಪಟ್ಟಿಯನ್ನೇ ತೆರೆಯಿರಿ. ಅದು ನಿಮ್ಮ ಹೋಂ ಫೋಲ್ಡರ್‌ನಲ್ಲಿ, .ಕಾನ್ಫಿಗ್ ಎಂಬ ಅಡಗಿದ ಫೋಲ್ಡರ್‌ನೊಳಗಿದೆ. ಫೈಲ್ ಮ್ಯಾನೇಜರ್‌ನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಬಹುತೇಕ ಕಡೆ ಅಡಗಿದವು ಕಾಣುತ್ತವೆ. ಮೊದಲು ಅದರದ್ದೊಂದು ನಕಲು ಮಾಡಿಟ್ಟುಕೊಂಡು, ಆಮೇಲೆ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆಯಿರಿ. ಚೌಕ ಕಂಸದೊಳಗೆ ಡೀಫಾಲ್ಟ್ ಅಪ್ಲಿಕೇಶನ್ಸ್ ಎಂಬ ತಲೆಬರಹ ಇರುತ್ತದೆ. ಅದರ ಕೆಳಗೆ ಈ ಮೂರು ಸಾಲು ಇರಲಿ:

ಟೆಕ್ಸ್ಟ್/ಎಚ್‌ಟಿಎಂಎಲ್=ಫೈರ್‌ಫಾಕ್ಸ್.ಡೆಸ್ಕ್‌ಟಾಪ್
ಎಕ್ಸ್-ಸ್ಕೀಮ್-ಹ್ಯಾಂಡ್ಲರ್/ಎಚ್‌ಟಿಟಿಪಿ=ಫೈರ್‌ಫಾಕ್ಸ್.ಡೆಸ್ಕ್‌ಟಾಪ್
ಎಕ್ಸ್-ಸ್ಕೀಮ್-ಹ್ಯಾಂಡ್ಲರ್/ಎಚ್‌ಟಿಟಿಪಿಎಸ್=ಫೈರ್‌ಫಾಕ್ಸ್.ಡೆಸ್ಕ್‌ಟಾಪ್

ಮೊದಲ ಸಾಲು ಮೇಲ್‌ಗೆ ಲಗತ್ತಾಗಿ ಬರುವ ಎಚ್‌ಟಿಎಂಎಲ್ ಫೈಲ್‌ಗಳಿಗೆ. ಇಲ್ಲಿ ಬರೆದ ಡೆಸ್ಕ್‌ಟಾಪ್ ಫೈಲ್ ನಿಜವಾಗಿ ಇಲ್ಲದೆ ಹೋದರೆ ಸಿಸ್ಟಂ ದೂರು ಹೇಳುವುದಿಲ್ಲ, ಸುಮ್ಮನೆ ಮುಂದಿನ ಬ್ರೌಸರ್ ಹುಡುಕಿಕೊಳ್ಳುತ್ತದೆ. ಪ್ಯಾಕೇಜ್‌ನಿಂದ ಸ್ನ್ಯಾಪ್‌ಗೋ ಫ್ಲ್ಯಾಟ್‌ಪ್ಯಾಕ್‌ಗೋ ಬದಲಾದವರಲ್ಲಿ ಹಳೆಯ ಹೆಸರು ಹೀಗೆ ಉಳಿದುಬಿಟ್ಟಿರುತ್ತದೆ. ಉಬುಂಟು 22.04ರಿಂದ ಫೈರ್‌ಫಾಕ್ಸ್ ಸ್ನ್ಯಾಪ್ ಆಗಿಯೇ ಬರುತ್ತಿರುವುದರಿಂದ, ಹಳೆಯ ಉಬುಂಟುವಿನಿಂದ ಮೇಲೇರಿದವರು ಈ ಹೆಸರನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಅದೇ ಫೋಲ್ಡರ್‌ನಲ್ಲಿ ನೋಮ್-ಮೈಮ್‌ಆ್ಯಪ್ಸ್.ಲಿಸ್ಟ್ ಎಂಬಂತೆ ಡೆಸ್ಕ್‌ಟಾಪ್‌ನ ಹೆಸರು ಮುಂದೆ ಸೇರಿದ ಇನ್ನೊಂದು ಫೈಲ್ ಇದೆಯೇ ಎಂದೂ ನೋಡಿ. ಇದ್ದರೆ ಅದರ ಮಾತೇ ಮೊದಲು ನಡೆಯುತ್ತದೆ.

ಕಾಣದೆ ಕಾಡುವ ಇನ್ನೊಂದಿದೆ, ಬ್ರೌಸರ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್, ಅಂದರೆ ಪ್ರೋಗ್ರಾಂಗಳು ಓದಿಕೊಳ್ಳುವ ಹೆಸರಿಟ್ಟ ಒಂದು ಸೆಟ್ಟಿಂಗ್. ಇದು ಪೂರ್ತಿ ದೊಡ್ಡಕ್ಷರದಲ್ಲಿರುತ್ತದೆ. "ಎಕೋ $ಬ್ರೌಸರ್" ಎಂದು ಕೊಟ್ಟು ನೋಡಿ. ಖಾಲಿ ಸಾಲು ಬಂದರೆ ತೊಂದರೆಯಿಲ್ಲ. ಏನಾದರೂ ಹೆಸರು ಬಂದರೆ ಎಂದೋ ಯಾರೋ ಬ್ಯಾಶ್‌ಆರ್‌ಸಿ ಅಥವಾ ಪ್ರೊಫೈಲ್ ಫೈಲ್‌ನಲ್ಲಿ ಅದನ್ನು ಬರೆದಿಟ್ಟಿದ್ದಾರೆ ಎಂದರ್ಥ. ಅದು ಇರುವವರೆಗೆ ಎಕ್ಸ್‌ಡಿಜಿ-ಸೆಟ್ಟಿಂಗ್ಸ್ ಡೀಫಾಲ್ಟ್ ಬದಲಿಸಲು ಒಪ್ಪುವುದಿಲ್ಲ. ಆ ಸಾಲು ತೆಗೆದು, ಲಾಗ್‌ಔಟ್ ಆಗಿ ಒಳಗೆ ಬನ್ನಿ.

ಡೆಬಿಯನ್ ಕುಟುಂಬದಲ್ಲಿ ಕೆಲವು ಹಳೆಯ ಪ್ರೋಗ್ರಾಂಗಳು ಇದ್ಯಾವುದನ್ನೂ ಕೇಳದೆ ಎಕ್ಸ್-ಡಬ್ಲ್ಯುಡಬ್ಲ್ಯುಡಬ್ಲ್ಯು-ಬ್ರೌಸರ್ ಎಂಬ ಹೆಸರನ್ನೇ ಕರೆಯುತ್ತವೆ. ಅವಕ್ಕಾಗಿ:

ಸುಡೊ ಅಪ್‌ಡೇಟ್-ಆಲ್ಟರ್ನೇಟಿವ್ಸ್ --ಕಾನ್ಫಿಗ್ ಎಕ್ಸ್-ಡಬ್ಲ್ಯುಡಬ್ಲ್ಯುಡಬ್ಲ್ಯು-ಬ್ರೌಸರ್

ಪಟ್ಟಿ ತೋರಿಸಿ ಸಂಖ್ಯೆ ಕೇಳುತ್ತದೆ. ಇಲ್ಲಿ ಸುಡೊ ಬೇಕೇ ಬೇಕು, ಏಕೆಂದರೆ ಇದು ಇಡೀ ಕಂಪ್ಯೂಟರ್‌ಗೆ ಸೇರಿದ್ದು.

ನಾಲ್ಕನೆಯ ಹೆಜ್ಜೆ: ಥಂಡರ್‌ಬರ್ಡ್‌ನ ನೆನಪು

ಚಿಕ್ಕಪ್ಪನ ಕತೆಗೆ ಬರುತ್ತೇನೆ. ಸಿಸ್ಟಂನ ಡೀಫಾಲ್ಟ್ ಬದಲಿಸಿದೆವು, ಟರ್ಮಿನಲ್‌ನಿಂದ ಕನ್ನಡ ವಿಕಿಪೀಡಿಯ ಫೈರ್‌ಫಾಕ್ಸ್‌ನಲ್ಲೇ ತೆರೆಯಿತು. ಆದರೆ ಮೇಲ್‌ನ ಲಿಂಕ್ ಒತ್ತಿದರೆ ಮತ್ತೆ ಕ್ರೋಮಿಯಂ. ಅವರು ಬೇಸರದಿಂದ "ಹೋಗ್ಲಿ ಬಿಡು" ಎಂದರು. ನನಗೆ ಮಾತ್ರ ಆಗ ಸಮಾಧಾನವಾಯಿತು, ಏಕೆಂದರೆ ಉಳಿದದ್ದು ಒಂದೇ ಕೊಂಡಿ.

ಲಿಂಕ್ ಒತ್ತಿದಾಗ "ಯಾವುದರಲ್ಲಿ ತೆರೆಯಲಿ?" ಎಂದು ಥಂಡರ್‌ಬರ್ಡ್ ಎಂದಾದರೂ ಕೇಳಿ, ನೀವು "ಇದನ್ನೇ ನೆನಪಿಟ್ಟುಕೋ" ಎಂದು ಗುರುತು ಹಾಕಿದ್ದರೆ, ಅಲ್ಲಿಂದಾಚೆ ಅದು ಸಿಸ್ಟಂ ಅನ್ನು ಕೇಳುವುದೇ ಇಲ್ಲ. ಆ ನೆನಪನ್ನು ಅಳಿಸಬೇಕು. ಸೆಟ್ಟಿಂಗ್ಸ್ ತೆರೆದು ಜನರಲ್ ವಿಭಾಗದಲ್ಲಿ ಕೆಳಗೆ ಬನ್ನಿ. ಫೈಲ್ಸ್ ಅಂಡ್ ಅಟ್ಯಾಚ್‌ಮೆಂಟ್ಸ್ ಎಂಬಲ್ಲಿ ಎರಡು ಕಾಲಂನ ಪಟ್ಟಿಯಿದೆ. ಅದರಲ್ಲಿ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಸಾಲುಗಳು ಇದ್ದರೆ, ಬಲಗಡೆಯ ಆ್ಯಕ್ಷನ್ ಕಾಲಂ ಒತ್ತಿ ಬೇಕಾದ ಬ್ರೌಸರ್ ಅಥವಾ "ಆಲ್ವೇಸ್ ಆಸ್ಕ್" ಆರಿಸಿ. ಎರಡೂ ಸಾಲು ಬದಲಿಸಬೇಕು.

ಆ ಸಾಲುಗಳೇ ಕಾಣದಿದ್ದರೆ ಜನರಲ್ ವಿಭಾಗದ ತೀರಾ ಕೆಳಗೆ ಕಾನ್ಫಿಗ್ ಎಡಿಟರ್ ಎಂಬ ಗುಂಡಿಯಿದೆ. ತೆರೆದು "ವಾರ್ನ್-ಎಕ್ಸ್‌ಟರ್ನಲ್" ಎಂದು ಹುಡುಕಿ. ನೆಟ್‌ವರ್ಕ್.ಪ್ರೋಟೋಕಾಲ್-ಹ್ಯಾಂಡ್ಲರ್ ಎಂದು ಶುರುವಾಗಿ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಎಂದು ಮುಗಿಯುವ ಎರಡು ಸಾಲುಗಳನ್ನು ಫಾಲ್ಸ್‌ನಿಂದ ಟ್ರೂಗೆ ಬದಲಿಸಿ. ಮುಂದಿನ ಸಲ ಲಿಂಕ್ ಒತ್ತಿದಾಗ ಥಂಡರ್‌ಬರ್ಡ್ ನಿಮ್ಮನ್ನು ಹೊಸದಾಗಿ ಕೇಳುತ್ತದೆ.

ಹೀಗೆ ಕೇಳಿದಾಗ ಒಂದು ಸಲಹೆ. ಫೋಲ್ಡರ್ ಹೊಕ್ಕು ಫೈರ್‌ಫಾಕ್ಸ್‌ನ ಪ್ರೋಗ್ರಾಂ ಫೈಲ್ ಹುಡುಕಿ ತೋರಿಸಬೇಡಿ. ಸಿಸ್ಟಂನ ಡೀಫಾಲ್ಟ್ ಎಂಬ ಆಯ್ಕೆ ಪಟ್ಟಿಯಲ್ಲಿದ್ದರೆ ಅದನ್ನೇ ಆರಿಸಿ. ನಾಳೆ ಬ್ರೌಸರ್ ಬದಲಿಸಿದರೆ ಒಂದೇ ಕಡೆ ಬದಲಿಸಿದರೆ ಸಾಕಾಗುತ್ತದೆ.

ಯಾವುದಕ್ಕೂ ಬಗ್ಗದಿದ್ದರೆ ಕೊನೆಯ ದಾರಿ: ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಇನ್‌ಫರ್ಮೇಶನ್ ಪುಟದಿಂದ ಪ್ರೊಫೈಲ್ ಫೋಲ್ಡರ್ ತೆರೆದಿಟ್ಟುಕೊಂಡು, ಥಂಡರ್‌ಬರ್ಡ್ ಅನ್ನು ಪೂರ್ತಿ ಮುಚ್ಚಿ, ಹ್ಯಾಂಡ್ಲರ್ಸ್.ಜೆಸಾನ್ ಎಂಬ ಫೈಲ್‌ನ ಹೆಸರು ಬದಲಿಸಿ. ನೆನಪಿಟ್ಟುಕೊಂಡ ಆಯ್ಕೆಗಳೆಲ್ಲ ಇರುವುದು ಅದರಲ್ಲೇ. ಮತ್ತೆ ತೆರೆದಾಗ ಹೊಸದು ಹುಟ್ಟುತ್ತದೆ. ನಿಮ್ಮ ಮೇಲ್‌ಗಳಿಗೆ ಏನೂ ಆಗುವುದಿಲ್ಲ. ಚಿಕ್ಕಪ್ಪನದ್ದು ಇಷ್ಟು ದೂರ ಬರಲಿಲ್ಲ, ಆ್ಯಕ್ಷನ್ ಕಾಲಂನಲ್ಲೇ ಸರಿಹೋಯಿತು.

ಬೇರೆ ಮೇಲ್ ಪ್ರೋಗ್ರಾಂಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎವಲ್ಯೂಷನ್, ಗೇರಿ ಎರಡೂ ಡೆಸ್ಕ್‌ಟಾಪ್ ಹೇಳಿದಂತೆ ಕೇಳುತ್ತವೆ. ಕೆಮೇಲ್ ಕೆಡಿಇಯ ಸೆಟ್ಟಿಂಗ್ ನೋಡುತ್ತದೆ. ಕ್ಲಾಸ್ ಮೇಲ್‌ನಲ್ಲಿ ಮಾತ್ರ ಪ್ರಿಫರೆನ್ಸಸ್‌ನೊಳಗೆ ಎಕ್ಸ್‌ಟರ್ನಲ್ ಪ್ರೋಗ್ರಾಮ್ಸ್ ಎಂಬ ಪುಟವಿದೆ, ಅಲ್ಲಿ ಬ್ರೌಸರ್‌ನ ಕಮಾಂಡ್ ಇರುವ ಜಾಗದಲ್ಲಿ ಎಕ್ಸ್‌ಡಿಜಿ-ಓಪನ್ ಎಂದು ಬರೆದು ಮುಂದೆ '%ಎಸ್' ಸೇರಿಸಿ.

ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್: ಗೋಡೆಯೊಳಗಿನ ಮೇಲ್

ಮೇಲ್ ಪ್ರೋಗ್ರಾಂ ಸ್ನ್ಯಾಪ್ ಅಥವಾ ಫ್ಲ್ಯಾಟ್‌ಪ್ಯಾಕ್ ಆಗಿದ್ದರೆ ಅದು ಸಿಸ್ಟಂನಿಂದ ಬೇರೆಯಾದ ಆವರಣದೊಳಗೆ ಓಡುತ್ತದೆ. ಹೊರಗಿನ ಬ್ರೌಸರ್ ಅನ್ನು ತಾನೇ ಶುರು ಮಾಡುವ ಅಧಿಕಾರ ಅದಕ್ಕಿಲ್ಲ. ಎಕ್ಸ್‌ಡಿಜಿ-ಡೆಸ್ಕ್‌ಟಾಪ್-ಪೋರ್ಟಲ್ ಎಂಬ ಸೇವೆಗೆ ಲಿಂಕ್ ಕೊಡುತ್ತದೆ, ಅದು ಹೊರಗಡೆ ತೆರೆದುಕೊಡುತ್ತದೆ. ನೋಮ್, ಕೆಡಿಇಗಳಲ್ಲಿ ಇದು ಮೊದಲೇ ಇರುತ್ತದೆ. ಐ3, ಸ್ವೇಯಂಥ ಬರೀ ವಿಂಡೋ ಮ್ಯಾನೇಜರ್ ಹಾಕಿಕೊಂಡವರಲ್ಲಿ ಇರಬೇಕೆಂದಿಲ್ಲ. ಆಗ ಲಿಂಕ್ ಒತ್ತಿದರೆ ಏನೂ ಆಗುವುದಿಲ್ಲ. ಬೇಡದ ಬ್ರೌಸರ್ ಕೂಡ ತೆರೆಯುವುದಿಲ್ಲ. ಎಕ್ಸ್‌ಡಿಜಿ-ಡೆಸ್ಕ್‌ಟಾಪ್-ಪೋರ್ಟಲ್-ಜಿಟಿಕೆ ಎಂಬ ಪ್ಯಾಕೇಜ್ ಹಾಕಿ, ಲಾಗ್‌ಔಟ್ ಆಗಿ ಮತ್ತೆ ಬಂದು ನೋಡಿ.

ಕಚೇರಿಯ ಲಿಂಕ್‌ಗಳಿಗೆ ಕಚೇರಿಯದೇ ಪ್ರೊಫೈಲ್

ಈ ಭಾಗ ಎಲ್ಲರಿಗೂ ಬೇಕಾಗಲಿಕ್ಕಿಲ್ಲ. ಆದರೆ ನಾನು ದಿನವೂ ಬಳಸುವುದು ಇದನ್ನೇ, ಹಾಗಾಗಿ ಬಿಡಲು ಮನಸ್ಸಿಲ್ಲ. ನನ್ನ ಥಂಡರ್‌ಬರ್ಡ್‌ಗೆ ಬರುವ ಮೇಲ್ ಎಲ್ಲ ಕಚೇರಿಯದ್ದು. ಅದರ ಲಿಂಕ್‌ಗಳು ಫೈರ್‌ಫಾಕ್ಸ್‌ನ ಕಚೇರಿ ಪ್ರೊಫೈಲ್‌ನಲ್ಲೇ ತೆರೆಯಬೇಕು, ಮನೆಯ ಪ್ರೊಫೈಲ್‌ನಲ್ಲಲ್ಲ. (ಪ್ರೊಫೈಲ್ ಎಂದರೆ ಒಂದೇ ಬ್ರೌಸರ್‌ನೊಳಗೆ ಬೇರೆಯಾಗಿಟ್ಟ ಬುಕ್‌ಮಾರ್ಕ್, ಪಾಸ್‌ವರ್ಡ್‌ಗಳ ಗಂಟು.) ಅದಕ್ಕೆ ನಾವೇ ಒಂದು ಡೆಸ್ಕ್‌ಟಾಪ್ ಫೈಲ್ ಬರೆಯಬಹುದು.

ಮೊದಲು ಫೈರ್‌ಫಾಕ್ಸ್‌ನ ವಿಳಾಸ ಪಟ್ಟಿಯಲ್ಲಿ "ಅಬೌಟ್:ಪ್ರೊಫೈಲ್ಸ್" ಎಂದು ಕೊಟ್ಟು "ಆಫೀಸ್" ಹೆಸರಿನ ಪ್ರೊಫೈಲ್ ಮಾಡಿಕೊಳ್ಳಿ. ಆಮೇಲೆ ಹೋಂ ಫೋಲ್ಡರ್‌ನ .ಲೋಕಲ್/ಶೇರ್/ಅಪ್ಲಿಕೇಶನ್ಸ್ ಒಳಗೆ ಆಫೀಸ್-ಫೈರ್‌ಫಾಕ್ಸ್.ಡೆಸ್ಕ್‌ಟಾಪ್ ಎಂಬ ಫೈಲ್ ಮಾಡಿ ಹೀಗೆ ಬರೆಯಿರಿ. ಇದರಲ್ಲಿ ಪ್ರತಿ ಸಾಲಿನ ಮೊದಲ ಪದ ದೊಡ್ಡಕ್ಷರದಿಂದ ಶುರುವಾಗಬೇಕು. ಡೆಸ್ಕ್‌ಟಾಪ್ ಎಂಟ್ರಿ ಎಂಬ ಎರಡು ಪದ, ಅಪ್ಲಿಕೇಶನ್ ಎಂಬ ಪದ, ಮೈಮ್‌ಟೈಪ್‌ನ "ಟಿ", ಪ್ರೊಫೈಲ್‌ಗೆ ಮೊದಲಿನ "ಪಿ" ಇವೂ ದೊಡ್ಡವೇ:

[ಡೆಸ್ಕ್‌ಟಾಪ್ ಎಂಟ್ರಿ]
ಟೈಪ್=ಅಪ್ಲಿಕೇಶನ್
ನೇಮ್=ಕಚೇರಿ ಫೈರ್‌ಫಾಕ್ಸ್
ಎಕ್ಸೆಕ್=ಫೈರ್‌ಫಾಕ್ಸ್ -ಪಿ ಆಫೀಸ್ %ಯು
ಟರ್ಮಿನಲ್=ಫಾಲ್ಸ್
ಮೈಮ್‌ಟೈಪ್=ಎಕ್ಸ್-ಸ್ಕೀಮ್-ಹ್ಯಾಂಡ್ಲರ್/ಎಚ್‌ಟಿಟಿಪಿ;ಎಕ್ಸ್-ಸ್ಕೀಮ್-ಹ್ಯಾಂಡ್ಲರ್/ಎಚ್‌ಟಿಟಿಪಿಎಸ್;

ನೇಮ್ ಸಾಲಿನ ಬಲಗಡೆ ನಿಜವಾಗಿಯೂ ಕನ್ನಡದಲ್ಲೇ ಬರೆಯಬಹುದು. ಮೆನುವಿನಲ್ಲಿ "ಕಚೇರಿ ಫೈರ್‌ಫಾಕ್ಸ್" ಎಂದು ಕನ್ನಡದಲ್ಲಿ ಕಾಣುವಾಗ ಖುಷಿಯಾಗುತ್ತದೆ.

ಕೊನೆಯ %ಯು ಮರೆಯಬೇಡಿ. ಒತ್ತಿದ ಲಿಂಕ್ ಬಂದು ಕೂರುವ ಜಾಗ ಅದು. ಮೊದಲ ಸಲ ಬರೆದಾಗ ನಾನು ಬಿಟ್ಟುಬಿಟ್ಟಿದ್ದೆ. ಲಿಂಕ್ ಒತ್ತಿದಾಗಲೆಲ್ಲ ಸರಿಯಾದ ಪ್ರೊಫೈಲ್ ತೆರೆಯುತ್ತಿತ್ತು, ಆದರೆ ಪುಟ ಖಾಲಿ. ನೆಟ್‌ವರ್ಕ್ ಕೆಟ್ಟಿದೆ ಎಂದುಕೊಂಡು ರೌಟರ್ ಆಫ್ ಮಾಡಿ ಆನ್ ಮಾಡಿದ್ದೆ. ಕೊನೆಗೆ ಮೂಲ ಫೈರ್‌ಫಾಕ್ಸ್.ಡೆಸ್ಕ್‌ಟಾಪ್ ಪಕ್ಕದಲ್ಲಿಟ್ಟು ಸಾಲು ಸಾಲು ಹೋಲಿಸಿದಾಗ ಎರಡು ಅಕ್ಷರ ಕಮ್ಮಿ ಇರುವುದು ಕಂಡಿತು. ಬ್ರೌಸರ್ ತೆರೆದು ಪುಟ ಖಾಲಿ ಬಂದರೆ ನೀವೂ ಮೊದಲು ಎಕ್ಸೆಕ್ ಸಾಲು ನೋಡಿ.

ಉಳಿಸಿದ ಮೇಲೆ ಸಿಸ್ಟಂಗೆ ತಿಳಿಸಿ:

ಅಪ್‌ಡೇಟ್-ಡೆಸ್ಕ್‌ಟಾಪ್-ಡೇಟಾಬೇಸ್ ~/.ಲೋಕಲ್/ಶೇರ್/ಅಪ್ಲಿಕೇಶನ್ಸ್

ಆಮೇಲೆ ಮೂರನೆಯ ಹೆಜ್ಜೆಯಂತೆ ಈ ಹೊಸ ಫೈಲ್ ಅನ್ನೇ ಡೀಫಾಲ್ಟ್ ಮಾಡಿ.

ತಿರುಗಾಮುರುಗಾ: ಬ್ರೌಸರ್‌ನಿಂದ ಮೇಲ್‌ಗೆ

ಕೆಲವರಿಗೆ ತೊಂದರೆ ಉಲ್ಟಾ ಇರುತ್ತದೆ. ಯಾವುದೋ ಪುಟದಲ್ಲಿ ಇಮೇಲ್ ವಿಳಾಸ ಒತ್ತಿದರೆ ಎಂದೂ ಬಳಸದ ಮೇಲ್ ಪ್ರೋಗ್ರಾಂ ತೆರೆದು ಖಾತೆ ಸೇರಿಸು ಎನ್ನುತ್ತದೆ. ಅವರು ಬಳಸುವುದು ಬ್ರೌಸರ್‌ನಲ್ಲೇ ಜಿಮೇಲ್. ಫೈರ್‌ಫಾಕ್ಸ್‌ನ ಸೆಟ್ಟಿಂಗ್ಸ್, ಜನರಲ್, ಅಪ್ಲಿಕೇಶನ್ಸ್ ಪಟ್ಟಿಯಲ್ಲಿ "ಮೇಲ್‌ಟು" ಸಾಲಿಗೆ ಜಿಮೇಲ್ ಆರಿಸಿದರೆ ಫೈರ್‌ಫಾಕ್ಸ್‌ನೊಳಗೆ ಸರಿಹೋಗುತ್ತದೆ. ಪಿಡಿಎಫ್ ಮುಂತಾದ ಬೇರೆ ಕಡೆಯಿಂದ ಒತ್ತಿದರೂ ಅಲ್ಲಿಗೇ ಹೋಗಬೇಕಾದರೆ ಸಿಸ್ಟಂಗೂ ಹೇಳಬೇಕು:

ಎಕ್ಸ್‌ಡಿಜಿ-ಸೆಟ್ಟಿಂಗ್ಸ್ ಸೆಟ್ ಡೀಫಾಲ್ಟ್-ಯುಆರ್‌ಎಲ್-ಸ್ಕೀಮ್-ಹ್ಯಾಂಡ್ಲರ್ ಮೇಲ್‌ಟು ಫೈರ್‌ಫಾಕ್ಸ್.ಡೆಸ್ಕ್‌ಟಾಪ್

ಪರೀಕ್ಷೆ

ನಿಮಗೆ ನೀವೇ ಒಂದು ಮೇಲ್ ಕಳಿಸಿಕೊಳ್ಳಿ. ಅದರಲ್ಲಿ ಒಂದೇ ವಿಳಾಸವನ್ನು ಎರಡು ಸಲ ಬರೆಯಿರಿ, ಒಮ್ಮೆ ಎಚ್‌ಟಿಟಿಪಿ ಹಾಕಿ, ಒಮ್ಮೆ ಎಚ್‌ಟಿಟಿಪಿಎಸ್ ಹಾಕಿ. ಬ್ರೌಸರ್ ತೆರೆದಿಟ್ಟು ಒಮ್ಮೆ, ಮುಚ್ಚಿ ಒಮ್ಮೆ ಎರಡನ್ನೂ ಒತ್ತಿ. ಒತ್ತುವ ಮುನ್ನ ಮೌಸ್ ಅನ್ನು ಲಿಂಕ್ ಮೇಲೆ ತಂದು ಒಂದು ಕ್ಷಣ ನಿಲ್ಲಿಸಿ; ಥಂಡರ್‌ಬರ್ಡ್‌ನ ಕೆಳಗಿನ ಪಟ್ಟಿಯಲ್ಲಿ ಅದು ನಿಜವಾಗಿ ಹೋಗುವ ವಿಳಾಸ ಕಾಣುತ್ತದೆ. ಇದನ್ನು ರೂಢಿ ಮಾಡಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಇನ್ನುಮುಂದೆ ಪ್ರತಿ ಲಿಂಕ್ ನೀವು ಲಾಗಿನ್ ಆಗಿರುವ, ಪಾಸ್‌ವರ್ಡ್‌ಗಳಿರುವ ಬ್ರೌಸರ್‌ನಲ್ಲೇ ತೆರೆಯುತ್ತದೆ. ವಂಚನೆಯ ಲಿಂಕ್ ಕೂಡ ಅಲ್ಲೇ ತೆರೆಯುತ್ತದೆ.

ಚಿಕ್ಕಪ್ಪನಿಗೂ ಅವತ್ತು ಇಂಥದ್ದೇ ಒಂದು ಮೇಲ್ ಕಳಿಸಿದೆ. ಎರಡೂ ಫೈರ್‌ಫಾಕ್ಸ್‌ನಲ್ಲಿ ತೆರೆದವು. ಫೋನ್ ಇಡುವ ಮೊದಲು ಫಾರ್ಮ್‌ನ ಲಿಂಕ್ ಒತ್ತಿ, ತಮ್ಮ ಹೆಸರು ಪುಟದ ಮೇಲೆ ಬಂದದ್ದನ್ನು ಓದಿ ಹೇಳಿದರು.